ಭೇಟಿಯ ಸಮಯ ಸಂಜೆ 4ರಿಂದ 5

ನವಜಾತ ಶಿಶುಗಳ ತೀವ್ರ ನಿಗಾ ಘಟಕದ ಬಾಗಿಲಲ್ಲಿ ಒಂದು ಹಲಗೆ ಇರುತ್ತದೆ. ಚಪ್ಪಲಿ ಹೊರಗೆ ಬಿಡಿ, ಮೊಬೈಲ್ ಬಳಸಬೇಡಿ, ಮೊಣಕೈವರೆಗೆ ಕೈ ತೊಳೆಯಿರಿ, ಭೇಟಿಯ ಸಮಯ ಇಷ್ಟರಿಂದ ಇಷ್ಟರವರೆಗೆ. ಮೊದಲ ಮೂರರ ಬಗ್ಗೆ ಯಾರ ತಕರಾರೂ ಇಲ್ಲ. ನಾಲ್ಕನೆಯದನ್ನು ಸ್ವಲ್ಪ ನಿಂತು ಓದಬೇಕು. ನಿನ್ನೆ ಹೆತ್ತವಳೂ ದೂರದ ನೆಂಟರ ಸಾಲಿನಲ್ಲೇ ನಿಂತು, ಅದೇ ಒಂದು ಗಂಟೆಯೊಳಗೆ ತನ್ನ ಕೂಸನ್ನು ನೋಡಿ ಹೊರಗೆ ಬರಬೇಕು. ಎಲ್ಲ ಆಸ್ಪತ್ರೆಗಳೂ ಹೀಗಿಲ್ಲ, ಈಚೆಗೆ ಬದಲಾದವು ಸಾಕಷ್ಟಿವೆ. ಆದರೆ ಈ ಹಲಗೆ ಇನ್ನೂ ಅಪರೂಪದ ವಸ್ತುವಾಗಿಲ್ಲ.

ತಿಂಗಳು ತುಂಬದೆ ಹುಟ್ಟಿದ ಮಗುವನ್ನು ಉಳಿಸಿಕೊಳ್ಳುವ ವಿದ್ಯೆ ಕಳೆದ ಅರವತ್ತು ವರ್ಷಗಳಲ್ಲಿ ಬೆಳೆದದ್ದು ಸಣ್ಣ ಸಂಗತಿಯಲ್ಲ. 1963ರ ಆಗಸ್ಟ್‌ನಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿಯವರ ಮಗ ಪ್ಯಾಟ್ರಿಕ್ ಐದೂವರೆ ವಾರ ಮೊದಲೇ ಹುಟ್ಟಿ, ಉಸಿರಾಟದ ತೊಂದರೆಯಿಂದ ಎರಡು ದಿನ ತುಂಬುವ ಮುಂಚೆ ತೀರಿಕೊಂಡ. ಅಂದು ಅಧ್ಯಕ್ಷರ ಮಗನಿಗೆ ಎಲ್ಲೂ ಸಿಗದಿದ್ದ ಚಿಕಿತ್ಸೆ ಇಂದು ನಮ್ಮಲ್ಲಿ ಕೂಲಿ ಮಾಡುವವರ ಮಗುವಿಗೂ ಸಿಗಬಲ್ಲದು: ಮೂಗಿನ ಮೂಲಕ ಒತ್ತಡದ ಗಾಳಿ ಕೊಡುವ ಸಿಪ್ಯಾಪ್, ಪುಪ್ಪುಸದ ಗೂಡುಗಳು ಮುಚ್ಚಿಕೊಳ್ಳದಂತೆ ತಡೆಯುವ ಸರ್ಫ್ಯಾಕ್ಟಂಟ್, ಮರೆತುಹೋಗುವ ಉಸಿರನ್ನು ನೆನಪಿಸುವ ಕೆಫೀನ್. (ಕೊನೆಯದು ನಮ್ಮ ಚಿಕ್ಕಮಗಳೂರಿನ ಕಾಫಿಯಲ್ಲಿರುವ ಅದೇ ಕೆಫೀನ್. ಒಂದೂಕಾಲು ಕಿಲೋದ ಕೂಸಿಗೆ ಡಾಕ್ಟರು ಕಾಫಿಯ ಸತ್ವ ಕೊಡುತ್ತಿದ್ದಾರೆ ಎಂದರೆ ಅಜ್ಜಿಯಂದಿರು ನಂಬುವುದಿಲ್ಲ.) ಈ ಚಿಕಿತ್ಸೆಯೆಲ್ಲ ನಡೆಯುವಾಗ ಅಪ್ಪ ಅಮ್ಮ ಎಲ್ಲಿರಬೇಕು, ಏನು ಮಾಡುತ್ತಿರಬೇಕು ಎಂಬ ಇನ್ನೊಂದು ಪ್ರಶ್ನೆಗೂ ಈಗ ಸಾಕಷ್ಟು ಗಟ್ಟಿಯಾದ ಉತ್ತರವಿದೆ. ಔಷಧಿ ಬಂದಷ್ಟು ಬೇಗ ಆ ಉತ್ತರ ವಾರ್ಡಿನೊಳಗೆ ಬರಲಿಲ್ಲ.

ಎಷ್ಟು ಜನರ ಪ್ರಶ್ನೆ ಇದು? 37 ವಾರ ತುಂಬುವ ಮೊದಲೇ ಹುಟ್ಟಿದ ಮಕ್ಕಳು 2020ರಲ್ಲಿ ಜಗತ್ತಿನಲ್ಲಿ ಸುಮಾರು 1.34 ಕೋಟಿ, ಅವರಲ್ಲಿ ಭಾರತದವರು ಸುಮಾರು 30 ಲಕ್ಷ. ಎಲ್ಲರಿಗೂ ಐಸಿಯು ಬೇಕಾಗುವುದಿಲ್ಲ. ಅತ್ತ, ದಿನ ತುಂಬಿ ಹುಟ್ಟಿಯೂ ಕೂಡಲೇ ಅಳದ ಮಗು, ಕಾಮಾಲೆ ಏರಿದ ಮಗು, ಸೋಂಕು ತಗುಲಿದ ಮಗು, ಹೃದಯದಲ್ಲೋ ಕರುಳಿನಲ್ಲೋ ದೋಷವಿರುವ ಮಗು ಎಲ್ಲವೂ ಬರುವುದು ಅಲ್ಲಿಗೇ. ಸರ್ಕಾರಿ ವ್ಯವಸ್ಥೆಯಲ್ಲಿ ಇದಕ್ಕೆ ಎಸ್‌ಎನ್‌ಸಿಯು ಎಂಬ ಘಟಕಗಳಿವೆ. 2003ರಲ್ಲಿ ಪಶ್ಚಿಮ ಬಂಗಾಳದ ಪುರುಲಿಯಾದಲ್ಲಿ ಶುರುವಾದ ಮಾದರಿ ಈಗ ದೇಶದ ಬಹುತೇಕ ಜಿಲ್ಲೆಗಳಿಗೆ ಹಬ್ಬಿದೆ. ಇವನ್ನು ಕಂಡ ನಮ್ಮ ಜನ ಹೇಳುವುದು ‘ಮಗೂನ ಗ್ಲಾಸಲ್ಲಿ ಇಟ್ಟಿದ್ದಾರೆ’ ಎಂದೇ. ನಿಜಕ್ಕೂ ಹೆಚ್ಚಿನ ಮಕ್ಕಳು ಮಲಗಿರುವುದು ಮೇಲಿನಿಂದ ಕಾವು ಸುರಿಯುವ ತೆರೆದ ವಾರ್ಮರ್ ಮೇಲೆ. ಗಾಜು ಇರುವುದು ಹೆಚ್ಚಾಗಿ ಬಾಗಿಲಲ್ಲಿ.

ಈ ಬಾಗಿಲಿಗೂ ಒಂದು ಚರಿತ್ರೆಯಿದೆ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಪ್ಯಾರಿಸ್ಸಿನ ಹೆರಿಗೆ ಆಸ್ಪತ್ರೆಗಳಿಗೆ ಇನ್‌ಕ್ಯುಬೇಟರ್ ಬಂದಾಗ ಪಿಯೇರ್ ಬುಡಾನ್ ಎಂಬ ವೈದ್ಯರಿಗೆ ಒಂದು ಸಂಗತಿ ಕಣ್ಣಿಗೆ ಬಿತ್ತು. ಮಗುವನ್ನು ದೂರ ಇಟ್ಟರೆ ತಾಯಿಗೆ ಅದರ ಮೇಲಿನ ಸೆಳೆತವೇ ಕಡಿಮೆಯಾಗುತ್ತದೆ, ಕೆಲವರು ಮರಳಿ ಬರುವುದೇ ಇಲ್ಲ. 1900ರಲ್ಲಿ ಬಂದ ತಮ್ಮ ಪುಸ್ತಕದಲ್ಲಿ ಅವರು ಇದನ್ನು ಬರೆದರು, ತಾಯಂದಿರನ್ನು ಹತ್ತಿರವೇ ಇಟ್ಟುಕೊಂಡು ಎದೆಹಾಲು ಕೊಡಿಸಿದರು. ಆಮೇಲಿನ ಅರ್ಧ ಶತಮಾನ ಸೋಂಕಿನ ಭಯ ಈ ಎಚ್ಚರವನ್ನು ಪೂರ್ತಿ ನುಂಗಿಹಾಕಿತು. ತಂದೆತಾಯಿಯ ಪಾಲಿಗೆ ಉಳಿದದ್ದು ಗಾಜಿನಾಚೆಯಿಂದ ನೋಡುವುದು. 1960ರ ದಶಕದ ಕೊನೆಗೆ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಕೆಲವು ವೈದ್ಯರು ತಾಯಂದಿರನ್ನು ಕೈ ತೊಳೆಸಿ ಒಳಗೆ ಬಿಟ್ಟು, ಮಗುವನ್ನು ಮುಟ್ಟಲು ಬಿಟ್ಟು, ಸೋಂಕಿನ ಲೆಕ್ಕ ಇಟ್ಟರು. ಹೆಚ್ಚಾಗಲಿಲ್ಲ. ಆ ವರದಿ 1970ರಲ್ಲಿ ಪ್ರಕಟವಾಯಿತು. ‘ಒಳಗೆ ಬಿಟ್ಟರೆ ಸೋಂಕು ತರುತ್ತಾರೆ’ ಎಂದು ನಮ್ಮಲ್ಲಿ ಇಂದೂ ಹೇಳುವಾಗ ಈ ಇಸವಿ ನೆನಪಿಗೆ ಬರುತ್ತದೆ.

ಮುಂದಿನ ಹೆಜ್ಜೆ ಶ್ರೀಮಂತ ದೇಶಗಳಿಂದ ಬರಲಿಲ್ಲ. 1978ರಲ್ಲಿ ಕೊಲಂಬಿಯಾದ ಬೊಗೊಟಾದ ಹೆರಿಗೆ ಆಸ್ಪತ್ರೆಯೊಂದರಲ್ಲಿ ಒಂದೇ ಇನ್‌ಕ್ಯುಬೇಟರಿಗೆ ಎರಡು ಮೂರು ಮಕ್ಕಳನ್ನು ಹಾಕಬೇಕಾದ ಸ್ಥಿತಿ. ಒಬ್ಬರಿಂದೊಬ್ಬರಿಗೆ ಸೋಂಕು, ಸಾವು, ಬಿಟ್ಟುಹೋದ ಮಕ್ಕಳು. ಎಡ್ಗರ್ ರೇ ಸನಾಬ್ರಿಯಾ ಎಂಬ ವೈದ್ಯರು ಯಂತ್ರದ ಆಸೆ ಬಿಟ್ಟು ಮಗುವನ್ನು ತಾಯಿಯ ಬರಿ ಎದೆಗೆ ಕಟ್ಟಿದರು. ಕಾಂಗರೂ ಆರೈಕೆ ಹುಟ್ಟಿದ್ದು ಹೀಗೆ. ಮಾರನೆಯ ವರ್ಷ ಎಸ್ಟೋನಿಯಾದ ಟ್ಯಾಲಿನ್‌ನಲ್ಲಿ ನರ್ಸ್‌ಗಳೇ ಸಾಲದಾಗಿ, ಆದಿಕ್ ಲೆವಿನ್ ಎಂಬ ವೈದ್ಯರು ತಾಯಂದಿರನ್ನೇ ವಾರ್ಡಿನಲ್ಲಿ ಇರಿಸಿಕೊಂಡರು. ಚುಚ್ಚುಮದ್ದಿನಂಥವು ಬಿಟ್ಟರೆ ಉಳಿದ ಆರೈಕೆಯೆಲ್ಲ ತಾಯಿಯದು. ಎರಡೂ ಕಡೆ ಬಡತನ ತಂದಿಟ್ಟ ದಾರಿ. ಎರಡೂ ಕಡೆ ಮಕ್ಕಳು ಚೇತರಿಸಿಕೊಂಡರು. ಟ್ಯಾಲಿನ್‌ನಲ್ಲಿ ಕಂಡದ್ದನ್ನು ಕೆನಡಾದ ಟೊರಾಂಟೊ ವೈದ್ಯರು ತಮ್ಮಲ್ಲಿಗೆ ಒಯ್ದು, ಆಮೇಲೆ ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ನ 26 ಶಿಶು ಐಸಿಯುಗಳಲ್ಲಿ ಪರೀಕ್ಷೆಗೆ ಒಡ್ಡಿದರು. ತಂದೆ ಅಥವಾ ತಾಯಿ ದಿನಕ್ಕೆ ಆರು ಗಂಟೆಯಾದರೂ ಮಗುವಿನ ಬಳಿ ಇದ್ದು ಆರೈಕೆ ಮಾಡಬೇಕೆಂಬುದು ಷರತ್ತು. 2018ರಲ್ಲಿ ಬಂದ ಫಲಿತಾಂಶದಂತೆ ಆ ಮಕ್ಕಳ ತೂಕ ಚೆನ್ನಾಗಿ ಏರಿತ್ತು, ಮನೆಗೆ ಹೋಗುವಾಗ ಬರೀ ಎದೆಹಾಲು ಕುಡಿಯುವವರು ಹೆಚ್ಚಿದ್ದರು, ತಂದೆತಾಯಿಯ ಆತಂಕ ಕಡಿಮೆಯಿತ್ತು.

ಎಲ್ಲಕ್ಕಿಂತ ಗಟ್ಟಿ ಪುರಾವೆ ಬಂದದ್ದು 2021ರಲ್ಲಿ, ಅದರಲ್ಲಿ ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆಯ ಪಾಲೂ ಇತ್ತು. ವಿಶ್ವ ಆರೋಗ್ಯ ಸಂಸ್ಥೆ ಭಾರತ ಮತ್ತು ಆಫ್ರಿಕದ ನಾಲ್ಕು ದೇಶಗಳ ತಲಾ ಒಂದು ಆಸ್ಪತ್ರೆಯಲ್ಲಿ, 1 ಕಿಲೋದಿಂದ 1.8 ಕಿಲೋದೊಳಗೆ ತೂಗುವ 3,211 ಮಕ್ಕಳನ್ನು ಎರಡು ಗುಂಪು ಮಾಡಿತು. ಒಂದು ಗುಂಪಿಗೆ ಆವರೆಗಿನ ಪದ್ಧತಿ: ಮೊದಲು ಮಗು ವಾರ್ಮರ್ ಮೇಲೆ ಸುಧಾರಿಸಿಕೊಳ್ಳಲಿ, ಕಾಂಗರೂ ಆರೈಕೆ ಆಮೇಲೆ. ಇನ್ನೊಂದು ಗುಂಪಿಗೆ ಹುಟ್ಟಿದ ಕೆಲವೇ ಗಂಟೆಗಳಲ್ಲಿ ತಾಯಿಯ ಎದೆ. ತಾಯಿಯ ಮಂಚವೂ ಐಸಿಯುನೊಳಗೇ, ಆಕೆಯ ಹೊಲಿಗೆ, ಬಿಪಿ, ಔಷಧಿ ಎಲ್ಲವನ್ನೂ ನೋಡಿಕೊಳ್ಳುವುದು ಅಲ್ಲೇ. ಎರಡನೇ ಗುಂಪಿನ ಮಕ್ಕಳು ದಿನಕ್ಕೆ ಸುಮಾರು 17 ಗಂಟೆ ಎದೆಯ ಮೇಲಿದ್ದರು. 28 ದಿನದೊಳಗಿನ ಸಾವು ಮೊದಲ ಗುಂಪಿನಲ್ಲಿ ಶೇ. 15.7 ಇದ್ದದ್ದು ಇಲ್ಲಿ ಶೇ. 12ಕ್ಕೆ ಇಳಿಯಿತು, ಅಂದರೆ ಕಾಲು ಭಾಗ ಕಡಿಮೆ. ಸೋಂಕಿನ ಶಂಕೆಯೂ ಕಡಿಮೆಯಾಯಿತು. ಲಾಭ ಇಷ್ಟು ಸ್ಪಷ್ಟವಾಗಿ ಕಂಡಾಗ ಪ್ರಯೋಗವನ್ನು ಮುಗಿಯುವ ಮೊದಲೇ ನಿಲ್ಲಿಸಿದರು, ಒಂದು ಗುಂಪಿಗೆ ಅದನ್ನು ತಪ್ಪಿಸುವುದು ನ್ಯಾಯವಲ್ಲ ಎಂದು. ಹುಟ್ಟಿದ ಗಂಟೆಯೊಳಗೆ ಸ್ವಂತ ಉಸಿರಾಟ ಬಾರದ ಮಕ್ಕಳು ಆ ಪ್ರಯೋಗದಲ್ಲಿ ಇರಲಿಲ್ಲ ಎಂಬುದನ್ನೂ ಹೇಳಬೇಕು. 2022ರ ನವೆಂಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಶಿಫಾರಸನ್ನೇ ಬದಲಿಸಿತು: ಕಾಂಗರೂ ಆರೈಕೆ ಹುಟ್ಟಿದ ಕೂಡಲೇ ಶುರುವಾಗಲಿ, ದಿನಕ್ಕೆ 8ರಿಂದ 24 ಗಂಟೆ, ಎಷ್ಟು ಹೆಚ್ಚಾದರೆ ಅಷ್ಟು ಒಳ್ಳೆಯದು.

ಭಾರತ ಇದರಲ್ಲಿ ಹಿಂದೆ ಬಿದ್ದ ದೇಶವೇನೂ ಅಲ್ಲ. ದೆಹಲಿಯ ರಾಮಮನೋಹರ ಲೋಹಿಯಾ ಆಸ್ಪತ್ರೆಯಲ್ಲಿ ಡಾ. ಆರತಿ ಮರಿಯಾ ಮತ್ತವರ ತಂಡ ಅಪ್ಪ ಅಮ್ಮಂದಿರಿಗೆ ವಿಡಿಯೊ ತೋರಿಸಿ, ಕೈ ತೊಳೆಯುವುದರಿಂದ ಹಿಡಿದು ಮಗು ಒರೆಸುವುದು, ಹಾಲುಣಿಸುವುದು, ಅಪಾಯದ ಲಕ್ಷಣ ಗುರುತಿಸುವುದರವರೆಗೆ ಕಲಿಸಿ ಒಳಗೆ ಬಿಟ್ಟಿತು. ಸೋಂಕು ಹೆಚ್ಚಲಿಲ್ಲ, ಎದೆಹಾಲು ಕುಡಿಯುವ ಮಕ್ಕಳು ಹೆಚ್ಚಾದರು. ಅದೇ ಆಧಾರದ ಮೇಲೆ 2017ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಕುಟುಂಬ ಸಹಭಾಗಿತ್ವದ ಆರೈಕೆಗೆ ಮಾರ್ಗಸೂಚಿ ಹೊರಡಿಸಿತು. ಕಾಂಗರೂ ಆರೈಕೆಯನ್ನು ಇಡೀ ಜಿಲ್ಲೆಗೆ ಹಬ್ಬಿಸುವುದು ಹೇಗೆಂದು ನೋಡಿದ ಅಧ್ಯಯನಕ್ಕೆ ಕರ್ನಾಟಕದಿಂದ ಆಯ್ಕೆಯಾದದ್ದು ಕೊಪ್ಪಳ. ಬೆಂಗಳೂರನ್ನು ಬಿಟ್ಟು ಕೊಪ್ಪಳವನ್ನು ಹಿಡಿದದ್ದು ಸರಿಯೆಂದೇ ನನಗೆ ಅನಿಸುತ್ತದೆ. ಅಲ್ಲಿ ನಡೆದದ್ದನ್ನು ಬೇರೆ ಜಿಲ್ಲೆಯವರು ‘ನಮ್ಮಲ್ಲಿ ಆಗಲ್ಲ’ ಎಂದು ತಳ್ಳಿಹಾಕುವಂತಿಲ್ಲ.

ಹಾಗಿದ್ದರೂ ಬಾಗಿಲು ಯಾಕೆ ಪೂರ್ತಿ ತೆರೆಯುವುದಿಲ್ಲ? ಸೋಂಕು ಒಂದು ನೆಪವಷ್ಟೇ ಎಂದರೆ ಅನ್ಯಾಯವಾದೀತು. ನಮ್ಮ ಶಿಶು ಘಟಕಗಳಲ್ಲಿ ಔಷಧಿಗೆ ಬಗ್ಗದ ಕ್ಲೆಬ್ಸಿಯೆಲ್ಲಾ, ಅಸಿನೆಟೊಬ್ಯಾಕ್ಟರ್‌ನಂಥ ರೋಗಾಣುಗಳ ಕಾಟ ನಿಜ, ಅದರಿಂದ ಮಕ್ಕಳು ಸಾಯುವುದೂ ನಿಜ. ಆದರೆ ಅವು ಹೆಚ್ಚಾಗಿ ಆಸ್ಪತ್ರೆಯೊಳಗೇ ನೆಲೆಸಿದ ಜೀವಿಗಳು. ಒಂದು ಮಗುವಿನಿಂದ ಇನ್ನೊಂದಕ್ಕೆ ಓಡಾಡುವುದು ಅಲ್ಲಿನ ಕೈಗಳೇ. ತಾಯಿ ಮುಟ್ಟುವುದು ಒಂದೇ ಮಗುವನ್ನು. ನಿಜವಾದ ಅಡ್ಡಿಗಳು ಬೇರೆಡೆ ಇವೆ. ಹೆರಿಗೆ ವಿಭಾಗಕ್ಕೆ ಒಬ್ಬರು ಮುಖ್ಯಸ್ಥರು, ಮಕ್ಕಳ ವಿಭಾಗಕ್ಕೆ ಇನ್ನೊಬ್ಬರು, ಎರಡಕ್ಕೂ ಬೇರೆ ಬೇರೆ ಮಹಡಿ, ಕೆಲವೆಡೆ ಬೇರೆ ಕಟ್ಟಡ. ತಾಯಿಯ ಮಂಚವನ್ನು ಐಸಿಯುಗೆ ತಂದರೆ ಆಕೆಯ ಫೈಲು ಯಾರದ್ದು, ರಾತ್ರಿ ರಕ್ತಸ್ರಾವವಾದರೆ ಓಡಿಬರುವವರು ಯಾರು ಎಂಬುದನ್ನು ಇಬ್ಬರೂ ಕೂತು ಮಾತಾಡಿಕೊಳ್ಳಬೇಕು. ಜಾಗ ಇಕ್ಕಟ್ಟು. ಒಂದು ವಾರ್ಮರ್‌ಗೂ ಇನ್ನೊಂದಕ್ಕೂ ನಡುವೆ ಕುರ್ಚಿ ಹಿಡಿಸುವುದಿಲ್ಲ. ನಮ್ಮ ಮಾರ್ಗಸೂಚಿ ಒಬ್ಬ ನರ್ಸ್‌ಗೆ ಮೂರು ನಾಲ್ಕು ಶಿಶು ಎನ್ನುತ್ತದಾದರೂ ರಾತ್ರಿ ಪಾಳಿಯಲ್ಲಿ ಆ ಲೆಕ್ಕ ಉಳಿಯುವುದು ಕಷ್ಟ. ಅಷ್ಟು ಒತ್ತಡದಲ್ಲಿರುವ ಸಿಸ್ಟರ್‌ಗೆ ಪ್ರಶ್ನೆ ಕೇಳುವ ಹತ್ತು ಜನ ಅಪ್ಪ ಅಮ್ಮಂದಿರು ಕಂಡರೆ ಬಾಗಿಲು ಹಾಕೋಣ ಅನಿಸುವುದು ಸಹಜ.

ಹಣದ ಲೆಕ್ಕದಲ್ಲೂ ಒಂದು ವಿಚಿತ್ರವಿದೆ. 2011ರಲ್ಲಿ ಬಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಯಲ್ಲಿ ಕಾಯಿಲೆಯ ಶಿಶುವಿಗೆ ಚಿಕಿತ್ಸೆ ಉಚಿತ. ಮೊದಲು 30 ದಿನ ಇದ್ದದ್ದು ಆಮೇಲೆ ಒಂದು ವರ್ಷಕ್ಕೆ ವಿಸ್ತರಣೆಯಾಯಿತು. ಬಾಣಂತಿಯ ಉಚಿತ ಊಟ ಮಾತ್ರ ಸಹಜ ಹೆರಿಗೆಗೆ 3 ದಿನ, ಸಿಸೇರಿಯನ್‌ಗೆ 7 ದಿನ. ಮಗು ಐದು ವಾರ ಒಳಗಿರಬೇಕಾದರೆ ಆಕೆ ಯಾರು? ರೋಗಿಯಲ್ಲ, ಡಿಸ್ಚಾರ್ಜ್ ಆಗಿದೆ. ಆಸ್ಪತ್ರೆಯ ಭಾಷೆಯಲ್ಲಿ ಹೇಳಬೇಕೆಂದರೆ ಆಕೆ ತನ್ನ ಮಗುವಿನ ಅಟೆಂಡರ್. ಕಾಂಗರೂ ವಾರ್ಡಿನಲ್ಲಿ ಹಾಸಿಗೆ, ಊಟ ಕೊಡುವ ಆಸ್ಪತ್ರೆಗಳು ಇವೆ. ಕೊಡದ ಕಡೆ ಆಕೆ ಕಾರಿಡಾರಿನಲ್ಲಿ ಚಾಪೆ ಹಾಸಿಕೊಳ್ಳುತ್ತಾಳೆ.

ಹಸಿ ಬಾಣಂತಿ ಕಾರಿಡಾರಿನಲ್ಲಿ ಮಲಗುವುದು ಎಂದರೆ ಏನೆಂದು ಕನ್ನಡದ ಮನೆಗಳಿಗೆ ಬಿಡಿಸಿ ಹೇಳಬೇಕಿಲ್ಲ. ನಮ್ಮ ಬಾಣಂತನ ಪೂರ್ತಿಯಾಗಿ ನಿಂತಿರುವುದು ತಾಯಿ ಮಗುವನ್ನು ಒಂದೇ ಬೆಚ್ಚನೆ ಕೋಣೆಯಲ್ಲಿ ಕೂಡಿಡುವುದರ ಮೇಲೆ. ಗಾಳಿಗೆ ಬರಬಾರದು, ತಣ್ಣೀರು ಮುಟ್ಟಬಾರದು, ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಹೊರಗಿನವರು ಕಾಲಿಡಬಾರದು. ಪುರುಡಿನ ಹತ್ತು ದಿನದ ದೂರವನ್ನು ನಾವು ಮೈಲಿಗೆ ಎಂದೇ ನೋಡಿದರೂ, ಹಸುಗೂಸಿನ ಬಳಿ ಕೈ ಕಾಲುಗಳ ಓಡಾಟ ಕಡಿಮೆ ಮಾಡುವ ಪ್ರಯೋಜನ ಅದರಿಂದ ಆಗುತ್ತಿತ್ತು. ತಿಂಗಳು ತುಂಬದ ಹೆರಿಗೆ ಈ ಇಡೀ ಕ್ರಮವನ್ನು ತಲೆಕೆಳಗು ಮಾಡುತ್ತದೆ. 28 ವಾರಕ್ಕೇ ಮಗು ಬಂದರೆ ಎಷ್ಟೋ ಮನೆಗಳಲ್ಲಿ ಸೀಮಂತವೇ ಆಗಿರುವುದಿಲ್ಲ. ಹುಡುಗಿ ಇನ್ನೂ ಗಂಡನ ಮನೆಯಲ್ಲೇ ಇರುತ್ತಾಳೆ, ತವರಿನಲ್ಲಿ ಕೋಣೆ ಸಿದ್ಧವಾಗಿರುವುದಿಲ್ಲ, ಮಗುವಿಗೆಂದು ಒಂದು ಹಳೆ ಪಂಚೆಯ ತುಂಡೂ ಒಗೆದಿಟ್ಟಿರುವುದಿಲ್ಲ. ಹೊಲಿಗೆ ಮಾಯದ ಮೈಯಲ್ಲಿ ಮೆಟ್ಟಿಲು ಹತ್ತಿ ಇಳಿದು, ಎರಡು ಮೂರು ಗಂಟೆಗೊಮ್ಮೆ ಹಾಲು ಹಿಂಡಿ ಕೊಟ್ಟು ಬರಬೇಕು. ಅತ್ತ ಮನೆಯಲ್ಲಿ ಹಿರಿಯರು ಬಾಣಂತಿಗೆ ನೀರು ಕಡಿಮೆ ಕೊಡಬೇಕೆಂಬ ಹಳೆಯ ಕಟ್ಟಳೆ ಹಿಡಿದಿರುತ್ತಾರೆ. ಬಾಣಂತನದ ಕೋಣೆಯಲ್ಲಿ ಉಳಿಸಿಕೊಳ್ಳಬೇಕಾದದ್ದೂ ಇದೆ, ಬಿಡಬೇಕಾದದ್ದೂ ಇದೆ. ಒಟ್ಟಿಗಿರುವುದನ್ನು ಉಳಿಸಿಕೊಂಡು ನೀರಿನ ಕಟ್ಟಳೆಯನ್ನು ಬಿಡಬಹುದಿತ್ತು. ಆದರೆ ಒಟ್ಟಿಗಿರುವುದನ್ನು ಆಸ್ಪತ್ರೆ ತಪ್ಪಿಸುತ್ತದೆ, ನೀರಿನ ಕಟ್ಟಳೆಯನ್ನು ಮನೆ ಮುಂದುವರಿಸುತ್ತದೆ.

ಐಸಿಯುವಿನಲ್ಲಿ ತಾಯಿ ಮಾತ್ರ ಮಾಡಬಲ್ಲ ಕೆಲಸ ಹಾಲು. ದಿನ ತುಂಬುವ ಮೊದಲೇ ಹೆತ್ತವಳ ಹಾಲಿನಲ್ಲಿ ಪ್ರೋಟೀನ್ ಮತ್ತು ರೋಗನಿರೋಧಕ ಅಂಶಗಳು ಹೆಚ್ಚು. ಪುಡಿ ಹಾಲು ಕುಡಿದ ಎಳೆ ಮಕ್ಕಳಲ್ಲಿ ಕರುಳು ಕೊಳೆಯುವ ಭೀಕರ ಕಾಯಿಲೆಯ ಅಪಾಯ ಹೆಚ್ಚು, ಎದೆಹಾಲು ಅದನ್ನು ತಗ್ಗಿಸುತ್ತದೆ. ಆದರೆ ಮಗು ಬಾಯಿಟ್ಟು ಚೀಪದಿದ್ದರೆ ಹಾಲು ತಾನಾಗಿ ಇಳಿಯುವುದಿಲ್ಲ. ಹೆತ್ತ ಮೊದಲ ಗಂಟೆಗಳಲ್ಲೇ ಹಿಂಡಲು ಶುರು ಮಾಡಬೇಕು, ದಿನಕ್ಕೆ ಎಂಟು ಸಲ, ರಾತ್ರಿಯೂ ಬಿಡದೆ. ಮೊದಲು ಬರುವುದು ಹನಿಗಳು. ಒಂದು ಸಿರಿಂಜಿನ ತಳ ಮುಚ್ಚುವಷ್ಟು ಹಳದಿ ಹಾಲು ಕಂಡು ‘ಇಷ್ಟೇನಾ’ ಎಂದು ಅಳುವ ತಾಯಂದಿರಿಗೆ ಯಾರಾದರೂ ಹೇಳಬೇಕು: ಆ ಮಗುವಿಗೆ ಇವತ್ತು ಬೇಕಾಗಿರುವುದೂ ಒಂದೆರಡು ಮಿಲೀಲೀಟರೇ. ಹಸು ಕರು ಹಾಕಿದರೆ ಗಿಣ್ಣಿಗೆ ಕಾದು ಕೂರುವ ನಾವು ಮನುಷ್ಯರ ಮೊದಲ ಹಾಲನ್ನು ಹಿಂಡಿ ಚೆಲ್ಲುತ್ತಿದ್ದುದು ಯಾಕೋ ತಿಳಿಯದು. ಸ್ವಂತ ತಾಯಿಯ ಹಾಲು ಸಾಲದಾದರೆ ದಾನದ ಹಾಲುಂಟು. ದೇಶದ ಮೊದಲ ಎದೆಹಾಲಿನ ಬ್ಯಾಂಕನ್ನು 1989ರಲ್ಲಿ ಮುಂಬೈಯ ಸಯಾನ್ ಆಸ್ಪತ್ರೆಯಲ್ಲಿ ಡಾ. ಅರ್ಮಿಡಾ ಫರ್ನಾಂಡಿಸ್ ಕಟ್ಟಿದರು. ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯಲ್ಲೂ ಈಗ ಅಂಥ ಬ್ಯಾಂಕ್ ಇದೆ.

ಚೀಪುವುದು, ನುಂಗುವುದು, ಉಸಿರಾಡುವುದು, ಈ ಮೂರನ್ನೂ ಹೊಂದಿಸಿಕೊಳ್ಳಲು ಮಗುವಿಗೆ ಗರ್ಭದ ಲೆಕ್ಕದಲ್ಲಿ ಸುಮಾರು 34 ವಾರ ತುಂಬಬೇಕು. ಅಲ್ಲಿಯವರೆಗೆ ಬಾಯಿಂದಲೋ ಮೂಗಿನಿಂದಲೋ ಹೊಟ್ಟೆಗೆ ಇಳಿಬಿಟ್ಟ ನಳಿಗೆ. ನಳಿಗೆಗೂ ಎದೆಗೂ ನಡುವೆ ನಮ್ಮ ವಾರ್ಡುಗಳಲ್ಲಿ ಬಳಕೆಯಾಗುವುದು ಒಳಲೆ. ಹೌದು, ಅಜ್ಜಿಯ ಪೆಟ್ಟಿಗೆಯಲ್ಲಿದ್ದ ಅದೇ ಮೂತಿಯ ಬಟ್ಟಲು, ಈಗ ಸ್ಟೀಲಿನದು, ಬಳಸುವ ಮುನ್ನ ಕುದಿಸಿದ್ದು. ಬಾಟಲಿಯ ರಬ್ಬರ್ ತೊಟ್ಟಿಗೆ ಒಗ್ಗಿದ ಮಗು ಎದೆಗೆ ಒಲ್ಲೆ ಎನ್ನಬಹುದು. ಒಳಲೆಗೆ ಆ ದೋಷ ಕಡಿಮೆ, ತೊಳೆಯುವುದೂ ಸುಲಭ. ಒಳಗೆ ಬಿಟ್ಟ ತಾಯಿ ಅಥವಾ ಅಜ್ಜಿ ಒಂದೆರಡು ದಿನದಲ್ಲಿ ಕಲಿತುಕೊಳ್ಳುವ ಕೆಲಸವಿದು. ಅಜ್ಜಿಯರಿಗೆ ಒಂದನ್ನು ಮಾತ್ರ ಬಿಡಿಸಬೇಕು. ಒಳಲೆಯಲ್ಲಿ ಸಕ್ಕರೆ ನೀರು, ಜೇನು, ಹರಳೆಣ್ಣೆ, ತೇಯ್ದ ಬಜೆ ಯಾವುದೂ ಹೋಗಕೂಡದು.

ಮುಟ್ಟುವುದಕ್ಕೂ ಒಂದು ಕ್ರಮವಿದೆ. ತೆಳು ಚರ್ಮದ ಎಳೆಗೂಸನ್ನು ಬೆರಳ ತುದಿಯಿಂದ ಸವರಿದರೆ ಅದಕ್ಕೆ ಕಿರಿಕಿರಿ. ಒಂದು ಅಂಗೈ ನೆತ್ತಿಯ ಮೇಲೆ, ಇನ್ನೊಂದು ಮಡಿಸಿದ ಕಾಲುಗಳ ಮೇಲೆ, ಅಲುಗಾಡಿಸದೆ ಇಟ್ಟರೆ ಶಾಂತವಾಗುತ್ತದೆ. ಜೋಗುಳ ಗುನುಗಬಹುದು, ಪಕ್ಕದ ಮಗುವಿಗೆ ಕೇಳಿಸದಷ್ಟು ಮೆಲ್ಲಗೆ. ಹೆಚ್ಚಿನ ತಂದೆತಾಯಿಗಳು ಮೊದಲ ದಿನಗಳಲ್ಲಿ ಮಗುವನ್ನು ನೋಡುವುದೇ ಇಲ್ಲ, ಮಾನಿಟರ್ ನೋಡುತ್ತಾರೆ. ಆಕ್ಸಿಜನ್ 90ರಿಂದ 95ರ ನಡುವೆ ಇರಬೇಕೆಂದು ಯಾರೋ ಹೇಳಿರುತ್ತಾರೆ, 88 ಕಂಡರೆ ಎದೆ ನಿಂತುಹೋಗುತ್ತದೆ. ಕಾಲಿಗೆ ಕಟ್ಟಿದ ತಂತಿ ಸಡಿಲವಾದರೂ ಮಾನಿಟರಿನ ಗಂಟೆ ಬಡಿಯುತ್ತದೆ. ನುರಿತ ಸಿಸ್ಟರ್ ಗಂಟೆ ಕೇಳಿದಾಗ ಮೊದಲು ನೋಡುವುದು ಮಗುವಿನ ಬಣ್ಣ, ಎದೆಯ ಏರಿಳಿತ. ಇದನ್ನು ಅವರು ಒಮ್ಮೆ ತೋರಿಸಿಕೊಟ್ಟರೆ ಅಪ್ಪ ಅಮ್ಮನ ಅರ್ಧ ಭಯ ಇಳಿಯುತ್ತದೆ. ಗ್ರಾಮಿನ ಗೀಳೂ ಹಾಗೆಯೇ. ಮೊದಲ ವಾರದಲ್ಲಿ ತೂಕ ಇಳಿಯುವುದು ನಿಯಮ, ಅಪವಾದವಲ್ಲ. ಅದು ಗೊತ್ತಿಲ್ಲದ ಮನೆಗೆ 1,240 ಇದ್ದದ್ದು 1,150 ಆಯಿತೆಂಬ ಫೋನು ಸಿಡಿಲಿನಂತೆ ಬರುತ್ತದೆ.

ಇನ್ನು ಅಪ್ಪ. ನಮ್ಮ ಬಾಣಂತನದ ಏರ್ಪಾಡಿನಲ್ಲಿ ಅವನಿಗೆ ಕೆಲಸವೇ ಇಲ್ಲ. ತವರಿನವರು ಕರೆದಾಗ ಹೋಗಿ ಬಾಗಿಲಲ್ಲಿ ನಿಂತು ನೋಡಿ ಬರುವವನು. ಐಸಿಯು ಅವನನ್ನು ಏಕಾಏಕಿ ಮೊದಲ ಪೋಷಕನನ್ನಾಗಿ ಮಾಡುತ್ತದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಹೆರಿಗೆ, ಅಲ್ಲಿ ವೆಂಟಿಲೇಟರ್ ಇಲ್ಲ, ಮಗುವನ್ನು ಹುಬ್ಬಳ್ಳಿಗೋ ಮೈಸೂರಿಗೋ ಬೆಂಗಳೂರಿಗೋ ಆಂಬುಲೆನ್ಸಿನಲ್ಲಿ ಸಾಗಿಸಬೇಕು. ಆಪರೇಷನ್ ಆದ ತಾಯಿ ಇಲ್ಲೇ, ಮಗು ಅಲ್ಲಿ, ಜೊತೆಗೆ ಹೋದವನು ಅಪ್ಪ. ವೆಂಟಿಲೇಟರಿಗೆ, ರಕ್ತಕ್ಕೆ, ಬೆನ್ನಿನ ನೀರು ತೆಗೆಯುವುದಕ್ಕೆ ರುಜು ಹಾಕುವವನು ಅವನು. ಬೆಳಗಿನ ರೌಂಡ್ಸ್ ಮುಗಿದ ಮೇಲೆ ‘ಕ್ರಿಟಿಕಲ್, ಆದರೆ ಸ್ಟೇಬಲ್’ ಎಂಬ ವಾಕ್ಯವನ್ನು ಹೊತ್ತು ಹೆಂಡತಿಗೆ ಫೋನು ಮಾಡುವವನೂ ಅವನೇ. ಅಲ್ಲಿ ಹಿರಿಯರು ಮೊದಲೇ ಎಚ್ಚರಿಸಿರುತ್ತಾರೆ: ‘ಅವಳಿಗೆ ಏನೂ ಹೇಳಬೇಡಪ್ಪ, ಹಾಲು ಬತ್ತಿಹೋಗುತ್ತೆ.’ ಹೀಗೆ ಮಗುವಿನ ಬಗ್ಗೆ ಅತಿ ಕಡಿಮೆ ತಿಳಿದವಳು ಅದರ ತಾಯಿ ಎಂಬ ಪರಿಸ್ಥಿತಿ ಬರುತ್ತದೆ. ಮುಚ್ಚಿಟ್ಟದ್ದು ಆಕೆಗೆ ಅರ್ಥವಾಗುವುದಿಲ್ಲ ಎಂದು ನಂಬುವವರು ಆಕೆಯ ಮುಖ ನೋಡಿರುವುದಿಲ್ಲ. ವೈದ್ಯರು ಇಬ್ಬರನ್ನೂ ಕೂರಿಸಿ, ಆಗದಿದ್ದರೆ ವಿಡಿಯೊ ಕರೆಯಲ್ಲಾದರೂ, ಒಂದೇ ಮಾತನ್ನು ಇಬ್ಬರಿಗೂ ಹೇಳುವುದು ದುಬಾರಿ ಸುಧಾರಣೆಯಲ್ಲ. ಅಪ್ಪನ ಎದೆಯೂ ಮಗುವಿಗೆ ಕಾವು ಕೊಡುತ್ತದೆ. ತಾಯಿಗೆ ಹುಷಾರಿಲ್ಲದಾಗ ಅಪ್ಪ, ಅಜ್ಜಿ, ಚಿಕ್ಕಮ್ಮ ಯಾರಾದರೂ ಕಾಂಗರೂ ಆರೈಕೆ ಕೊಡಬಹುದು. ಅವನನ್ನು ಬರೀ ಬಿಲ್ ಕಟ್ಟುವ ಕೌಂಟರಿಗೆ ಅಟ್ಟಿದರೆ ಆ ಎದೆ ವ್ಯರ್ಥ.

ಹಾಗೆಂದು ಈ ಆರೈಕೆಯನ್ನು ಹೂವಿನ ಹಾಸಿಗೆಯಂತೆ ಬಣ್ಣಿಸುವ ಪೋಸ್ಟರುಗಳ ಬಗ್ಗೆ ನನಗೆ ಗುಮಾನಿ ಇದೆ. ರಕ್ತಹೀನತೆಯ ಹೆಂಗಸು ದಿನಕ್ಕೆ ಹದಿನಾರು ಗಂಟೆ ಒರಗಿ ಕೂತು ಮಗುವನ್ನು ಎದೆಗವಚಿಕೊಳ್ಳುವುದು ದುಡಿಮೆ. ಮನೆಯಲ್ಲಿ ಇನ್ನೊಂದು ಮಗು, ಎಮ್ಮೆ, ವಯಸ್ಸಾದ ಅತ್ತೆ ಇರುತ್ತಾರೆ. ಕುಟುಂಬದ ಸಹಭಾಗಿತ್ವ ಎಂಬ ಹೆಸರಿನಲ್ಲಿ ಖಾಲಿ ಬಿದ್ದ ನರ್ಸ್ ಹುದ್ದೆಗಳನ್ನು ಬಾಣಂತಿಯರಿಂದ ತುಂಬಿಸುವುದೂ ಸಾಧ್ಯ. ಸಫ್ದರ್‌ಜಂಗ್‌ನಲ್ಲಿ ಫಲಿತಾಂಶ ಬಂದದ್ದು ತಾಯಿಗೂ ಮಂಚ, ಔಷಧಿ, ನೋಡಿಕೊಳ್ಳುವವರು ಇದ್ದದ್ದರಿಂದ. ಆ ಭಾಗವನ್ನು ಕೈಬಿಟ್ಟು ಉಳಿದದ್ದನ್ನು ಮಾತ್ರ ನಕಲು ಮಾಡಿದರೆ ಶೇ. 25ರ ಲಾಭ ಹಾಗೇ ಬರುತ್ತದೆಂದು ಯಾರೂ ಖಾತ್ರಿ ಕೊಡಲಾರರು.

ಖಾಸಗಿ ಆಸ್ಪತ್ರೆಯಲ್ಲಿ ಕಷ್ಟ ಬೇರೆ ಬಗೆಯದು. ದಿನದ ಬಿಲ್ಲು ಸಾವಿರಗಳಲ್ಲಿ ಏರುತ್ತದೆ, ವಾರಗಳು ಕಳೆದರೆ ಲಕ್ಷಗಳು. ವೈಯಕ್ತಿಕ ವಿಮಾ ಪಾಲಿಸಿಗಳಲ್ಲಿ ಹಲವು ಹುಟ್ಟಿದ ಮೊದಲ 90 ದಿನಗಳನ್ನು ಹೊರಗಿಡುತ್ತವೆ, ಐಸಿಯು ಬೇಕಾಗುವುದು ಸರಿಯಾಗಿ ಆಗಲೇ. ಗರ್ಭಿಣಿಯಿರುವಾಗಲೇ ಪಾಲಿಸಿಯ ಆ ಸಾಲನ್ನು ಓದಿಸಿಕೊಳ್ಳುವುದು ಮೇಲು. ದುಡ್ಡು ಮುಗಿದಾಗ ‘ನಮ್ಮ ಸ್ವಂತ ಜವಾಬ್ದಾರಿಯ ಮೇಲೆ’ ಎಂದು ಬರೆದುಕೊಟ್ಟು ಮಗುವನ್ನು ಕರೆದೊಯ್ಯುವವರಿದ್ದಾರೆ. ದೇಶದ ಸರ್ಕಾರಿ ಶಿಶು ಘಟಕಗಳಲ್ಲಿ ದಾಖಲಾಗುವ ಹೆಣ್ಣುಮಕ್ಕಳ ಸಂಖ್ಯೆ ಗಂಡುಮಕ್ಕಳಿಗಿಂತ ಕಡಿಮೆ. ಗಂಡುಶಿಶುಗಳು ಸಹಜವಾಗಿಯೇ ಹೆಚ್ಚು ಕಾಯಿಲೆ ಬೀಳುತ್ತವೆಂಬುದು ಇದಕ್ಕೆ ಒಂದು ಭಾಗದ ವಿವರಣೆ. ಉಳಿದ ಭಾಗಕ್ಕೆ ವಿವರಣೆ ವೈದ್ಯಶಾಸ್ತ್ರದಲ್ಲಿ ಸಿಗುವುದಿಲ್ಲ.

ಎಲ್ಲ ಮಕ್ಕಳೂ ಉಳಿಯುವುದಿಲ್ಲ. ಎಳೆಗೂಸು ಹೋದಾಗ ತಾಯಿಗೆ ತೋರಿಸದೆ, ಬೇಗ ಬೇಗ ಮಣ್ಣು ಮಾಡಿ ಬರುವುದು ನಮ್ಮಲ್ಲಿ ಸಾಮಾನ್ಯ. ‘ನೋಡಿದರೆ ಮರೆಯುವುದು ಕಷ್ಟ’ ಎಂಬ ಅಂತಃಕರಣದಿಂದಲೇ ಹಾಗೆ ಮಾಡುತ್ತಾರೆ. ನಳಿಗೆಗಳನ್ನೆಲ್ಲ ತೆಗೆದು, ಬಟ್ಟೆ ಸುತ್ತಿ, ಒಂದು ಗಂಟೆ ಮಡಿಲಲ್ಲಿ ಇಟ್ಟುಕೊಳ್ಳಬೇಕೇ ಎಂದು ಆಕೆಯನ್ನೇ ಕೇಳುವ ವೈದ್ಯರು ಈಗ ಅಲ್ಲಲ್ಲಿ ಇದ್ದಾರೆ. ಬೇಕು ಎಂದವರಿಗೆ ಅದು ಸಿಗಬೇಕು, ಬೇಡ ಎಂದವರನ್ನು ಬಲವಂತ ಮಾಡಬಾರದು.

ಕೆಲಸಕ್ಕೆ ಹೋಗುವ ತಾಯಿಗೆ ರಜೆಯ ಕಾನೂನೂ ಈ ಮಕ್ಕಳನ್ನು ಗಮನದಲ್ಲಿಟ್ಟು ಬರೆದದ್ದಲ್ಲ. 2017ರ ತಿದ್ದುಪಡಿಯ ನಂತರ ಹೆರಿಗೆ ರಜೆ 26 ವಾರ. ಮಗು ಎರಡೂವರೆ ತಿಂಗಳು ಐಸಿಯುವಿನಲ್ಲಿ ಕಳೆದರೆ ಆ ದಿನಗಳೂ ಅದರಲ್ಲೇ ಕರಗುತ್ತವೆ. ಮಗು ಮನೆಗೆ ಬಂದು, ದಿನ ತುಂಬಿ ಹುಟ್ಟಿದ ಮಕ್ಕಳ ಮಟ್ಟಕ್ಕೆ ಏರುವ ಹೊತ್ತಿಗೆ ರಜೆ ಮುಗಿಯುತ್ತ ಬಂದಿರುತ್ತದೆ. ಕೇಂದ್ರ ಸರ್ಕಾರಿ ನೌಕರನಾದ ಅಪ್ಪನಿಗೆ 15 ದಿನ, ಖಾಸಗಿ ಕೆಲಸದ ಅಪ್ಪನಿಗೆ ಕಾನೂನಿನಲ್ಲಿ ಏನೂ ಇಲ್ಲ. ಬ್ರಿಟನ್‌ನಲ್ಲಿ ಇದಕ್ಕೆಂದೇ 2023ರಲ್ಲಿ ಕಾಯ್ದೆ ಮಾಡಿ, 2025ರ ಏಪ್ರಿಲ್‌ನಿಂದ ಜಾರಿಗೆ ತಂದರು: ಮಗು ಆಸ್ಪತ್ರೆಯಲ್ಲಿ ಕಳೆದ ವಾರಗಳಿಗೆ ಸಮನಾಗಿ, ಗರಿಷ್ಠ 12 ವಾರ, ತಂದೆಗೂ ತಾಯಿಗೂ ಹೆಚ್ಚುವರಿ ರಜೆ. ನಮ್ಮಲ್ಲಿ ಇದು ದುಬಾರಿ ಎನ್ನುವವರು ಎಷ್ಟು ನೌಕರರಿಗೆ ಬೇಕಾದೀತೆಂಬ ಲೆಕ್ಕವನ್ನಾದರೂ ಹಾಕಿ ನೋಡಲಿ.

ಮನೆಗೆ ಹೋಗುವ ಮುಂಚೆ ತಪ್ಪಿಹೋಗುವ ಒಂದು ಪರೀಕ್ಷೆ ಕಣ್ಣಿನದು. ಆಕ್ಸಿಜನ್ ಹೆಚ್ಚಾದರೆ ಎಳೆ ಕಣ್ಣಿನ ಹಿಂದಿನ ರಕ್ತನಾಳಗಳು ಅಡ್ಡಾದಿಡ್ಡಿ ಬೆಳೆದು ದೃಷ್ಟಿಪಟಲವನ್ನೇ ಎಳೆದುಹಾಕಬಹುದು. ಹೊರಗಿನಿಂದ ಏನೂ ಕಾಣುವುದಿಲ್ಲ. 34 ವಾರಕ್ಕೆ ಮೊದಲು ಹುಟ್ಟಿದ ಅಥವಾ 2 ಕಿಲೋಗಿಂತ ಕಡಿಮೆ ತೂಗಿದ ಎಲ್ಲ ಮಕ್ಕಳ ಕಣ್ಣನ್ನೂ ಹುಟ್ಟಿದ ತಿಂಗಳೊಳಗೆ ನೋಡಿಸಬೇಕು, ತೀರಾ ಸಣ್ಣವರದಾದರೆ ಎರಡು ಮೂರು ವಾರದಲ್ಲೇ. ಸಕಾಲದಲ್ಲಿ ಲೇಸರ್ ಕೊಟ್ಟರೆ ಕಣ್ಣು ಉಳಿಯುತ್ತದೆ. ಈ ವಿಷಯದಲ್ಲಿ ಕರ್ನಾಟಕ ಮಾಡಿದ ಕೆಲಸ ದೊಡ್ಡದು. ಬೆಂಗಳೂರಿನ ನಾರಾಯಣ ನೇತ್ರಾಲಯದ ಡಾ. ಆನಂದ ವಿನೇಕರ್ 2008ರಲ್ಲಿ ಆರಂಭಿಸಿದ ‘ಕಿಡ್‌ರಾಪ್’ ಯೋಜನೆಯಲ್ಲಿ ತರಬೇತಾದ ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆಗಳ ಶಿಶು ಘಟಕಗಳಿಗೆ ಹೋಗಿ ಚಿತ್ರ ತೆಗೆಯುತ್ತಾರೆ, ದೂರದಲ್ಲಿ ಕೂತ ತಜ್ಞರು ಅದನ್ನು ನೋಡಿ ಹೇಳುತ್ತಾರೆ. ಕಣ್ಣಿನ ವೈದ್ಯರನ್ನು ಹುಡುಕಿಕೊಂಡು ಮಗು ಊರಿಂದೂರಿಗೆ ಅಲೆಯಬೇಕಿಲ್ಲ. ಕಿವಿಯ ಪರೀಕ್ಷೆಯನ್ನೂ ಜೊತೆಗೇ ಕೇಳಿ ಮಾಡಿಸಿಕೊಳ್ಳಬೇಕು.

ಮನೆಗೆ ಬಂದ ಮೇಲೂ ಎದೆಯ ಕಾವು ಮುಂದುವರಿಯಬೇಕು, ಮಗು ಎರಡೂವರೆ ಕಿಲೋ ಆಗುವವರೆಗೆ, ಅಥವಾ ಒದ್ದಾಡಿ ತಾನೇ ಬೇಡ ಎನ್ನುವವರೆಗೆ. ಹರಿಯಾಣದ ಹಳ್ಳಿಗಳಲ್ಲಿ ಮನೆಯಲ್ಲೇ ಶುರುಮಾಡಿಸಿದ ಕಾಂಗರೂ ಆರೈಕೆಯಿಂದ ಮೊದಲ ತಿಂಗಳ ಸಾವು ಶೇ. 30ರಷ್ಟು ಇಳಿದದ್ದು 2019ರಲ್ಲಿ ವರದಿಯಾಗಿದೆ. ಎಣ್ಣೆ ನೀರಿನ ಸ್ನಾನಕ್ಕೆ ಅವಸರ ಬೇಡ, ಸಾಂಬ್ರಾಣಿ ಹೊಗೆಯಂತೂ ಬೇಡವೇ ಬೇಡ, ಆ ಪುಪ್ಪುಸ ಈಗಷ್ಟೇ ಪಾಡು ಪಟ್ಟು ಬಂದಿದೆ. ತೊಟ್ಟಿಲಿಗೆ ಬರುವ ನೆಂಟರ ಸಂಖ್ಯೆ ಕಡಿಮೆಯಿದ್ದಷ್ಟೂ ಒಳ್ಳೆಯದು. ಇಷ್ಟು ದಿನ ಆಸ್ಪತ್ರೆಯ ಕಾಗದದಲ್ಲಿ ‘ಬೇಬಿ ಆಫ್’ ಎಂದು ಅಮ್ಮನ ಹೆಸರಿನ ಹಿಂದೆ ನಿಂತಿದ್ದ ಕೂಸಿಗೆ ಹೆಸರಿಡಲು ಇನ್ನು ತಡಮಾಡಬೇಕಿಲ್ಲ.

ಆಮೇಲೆ ಶುರುವಾಗುವುದು ಅಕ್ಕಪಕ್ಕದವರ ವಿಚಾರಣೆ: ‘ಆರು ತಿಂಗಳಾಯ್ತಲ್ಲ, ಇನ್ನೂ ಕತ್ತು ನಿಂತಿಲ್ವಾ?’ ಇದಕ್ಕೆ ಲೆಕ್ಕ ಬೇರೆ. ಮೂರು ತಿಂಗಳು ಮೊದಲೇ ಬಂದ ಮಗುವಿಗೆ ಆರು ತಿಂಗಳಾದಾಗ ಬೆಳವಣಿಗೆಯ ಮಟ್ಟಿಗೆ ಮೂರೇ ತಿಂಗಳು, ಎರಡು ವರ್ಷದವರೆಗೂ ಹೀಗೇ ಎಣಿಸಬೇಕು. ಹಾಗೆ ಎಣಿಸಿಯೂ ತಡ ಎನಿಸಿದರೆ ಜಿಲ್ಲಾ ಆಸ್ಪತ್ರೆಯಲ್ಲಿ ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ನೋಡುವ ಡಿಇಐಸಿ ಕೇಂದ್ರದಲ್ಲಿ ತೋರಿಸಬಹುದು, ಶುಲ್ಕವಿಲ್ಲ. ಲಸಿಕೆಗೆ ಮಾತ್ರ ಈ ಲೆಕ್ಕ ಹಾಕಬಾರದು. ಅಲ್ಲಿ ಹುಟ್ಟಿದ ತಾರೀಕೇ ತಾರೀಕು, ಸಣ್ಣಗಿದೆ ಎಂದು ಒಂದೂವರೆ ತಿಂಗಳ ಸೂಜಿಯನ್ನು ಮುಂದಕ್ಕೆ ಹಾಕುವಂತಿಲ್ಲ.